ನೆಲಕ್ಕೆ ಕುಟ್ಟಿದ ಕಲ್ಲು

“ಲೇ ಹೊಳೆಮ್ಮಾ! ಬುಟ್ಟಿ ಕೆಳಗಿಟ್ಟು ಮಗಳಿಗೆ ಪುರಾಣ ಹೇಳ್ತೀಯೇನ್ಲೇ ಬೋಸುಡಿ? ಲಾರಿ ನಿಮ್ಮಪ್ಪ ಬಂದು ತುಂಬ್ತಾನಾ?”

ಜೀಪಿನಿಂದ ಇಳಿಯದೆಯೇ ಧಣಿ ಒದರಿದ. ಹೊಳೆಮ್ಮ ಬೆಚ್ಚಿಬಿದ್ದಳು. ಅವಳು ಕೆಂಪು ಕಲ್ಲೊಂದನ್ನು ಮಗಳು ಹುಲುಗಿಯ ಕಣ್ಣೆದುರು ಹಿಡಿದು, ಮುಖಕ್ಕೆ ಮುಖ ಕೊಟ್ಟು, “ಕಲ್ಲು... ಕಲ್ಲು...” ಎನ್ನುತ್ತಿದ್ದಳು. ಮಗು ಅವ್ವನ ತುಟಿಗೆ ಬೆರಳಿಟ್ಟು ನಗುತ್ತಿತ್ತು. ಧಣಿಯ ಅರಚಾಟಕ್ಕೆ ಅತ್ತ ತಿರುಗಿಯೂ ನೋಡಲಿಲ್ಲ.

ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಕಡೆ ಭತ್ತ, ಕಬ್ಬು ಬೆಳೆದು ಕೊಬ್ಬಿದ ಧಣಿ ಆಮೇಲೆ ಬಂಡ್ರಿಯ ಈ ಗುಡ್ಡ ಹಿಡಿದಿದ್ದ. ಅದಿರು ಹೊರುವವರ ಗುಡಿಸಲುಗಳೂ ಅವನವೇ. ಹುಲುಗಿ ಏಳು ತಿಂಗಳಿಗೇ ಹುಟ್ಟಿದ್ದು ಲಾರಿಗೆ ಹತ್ತುವ ಹಲಗೆಯ ಬುಡದಲ್ಲಿ. ಹೊಟ್ಟೆ ನೋಯುತ್ತದೆ ಎಂದವಳಿಗೆ, ಲಾರಿ ತುಂಬಿಸಿ ಹೋಗು ಎಂದಿದ್ದವನೂ ಇವನೇ. ಅಂಗೈಯಗಲದ ಆ ಕೂಸನ್ನು ಮುದುಕಿ ಭರಮಮ್ಮ ಹತ್ತಿಯಲ್ಲಿ ಸುತ್ತಿ ಹೊಳೆಮ್ಮನ ಎದೆಗೆ ಕಟ್ಟಿದ್ದಳು. ಕೂಸು ಬದುಕಿತು. ಬದುಕಿದ್ದೇ ದೊಡ್ಡದು ಎಂದುಕೊಂಡು ಯಾರೂ ಕಿವಿಯ ಯೋಚನೆ ಮಾಡಲಿಲ್ಲ.

ಎರಡು ವರ್ಷ ದಾಟಿದರೂ ಅದು “ಅವ್ವ” ಎನ್ನಲಿಲ್ಲ. ಕಿವಿ ಕೇಳುವುದಿಲ್ಲವೇನೋ ಎಂದು ಯಾರಾದರೂ ಅಂದರೆ ಹೊಳೆಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನ ಗುಡ್ಡದಲ್ಲಿ ಮದ್ದು ಸಿಡಿದಾಗಲೆಲ್ಲ ಮಗು ಬೆದರಿ ಓಡಿಬಂದು ಅವಳ ಸೀರೆ ಹಿಡಿಯುತ್ತಿತ್ತಲ್ಲ! ಕೇಳದೆ ಬೆದರುತ್ತದೆಯೇ? ಗುಡಿಸಲ ಸಾಲಿಗೆ ಸಾಲೇ ಹಾಗೆ ನಂಬಿತ್ತು.

ಹೋದ ವಾರ ಮಗುವನ್ನು ನೋಡಿದ ಹೊಸಪೇಟೆಯ ಡಾಕ್ಟರಮ್ಮನಿಗೂ ಅವಳು ಅದನ್ನೇ ಹೆಮ್ಮೆಯಿಂದ ಹೇಳಿದ್ದಳು. ಡಾಕ್ಟರಮ್ಮ ಮಗುವಿನ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು. ಹುಲುಗಿ ಚಾಪೆಯ ಎಳೆ ಕೀಳುತ್ತ ಕೂತಿತ್ತು. ಕೊನೆಗೆ ಅವರು ಮರದ ಸ್ಟೂಲನ್ನು ನೆಲಕ್ಕೆ ಕೆಡವಿದರು. ಮಗು ಥಟ್ಟನೆ ತಿರುಗಿತು.

“ನೆಲ ನಡುಗಿದ್ದಕ್ಕೆ ಬೆಚ್ಚಿದ್ದಮ್ಮ, ಸದ್ದಿಗಲ್ಲ. ಎಷ್ಟು ಕೇಳ್ತೈತಿ ಅಂತ ಬಳ್ಳಾರಿ ದೊಡ್ಡಾಸ್ಪತ್ರ್ಯಾಗ ನೋಡ್ತಾರ, ಮಂಗಳವಾರ ಕರ್ಕೊಂಡು ಹೋಗು. ಕಿವಿಗೆ ಮಷೀನು ಹಾಕಿದ್ರೂ ಹಾಕಬಹುದು. ತಡ ಮಾಡಬ್ಯಾಡ. ಈ ವಯಸ್ಸು ದಾಟಿದ್ರ ಮಾತು ಬರೋದು ಭಾಳ ಕಷ್ಟ. ಅಲ್ಲೀತನಕ ಮುಖ ತೋರ್ಸಿ ಮಾತಾಡು. ಕೈಗೆ ಸಿಕ್ಕಿದ್ದಕ್ಕೆಲ್ಲ ಹೆಸರು ಹೇಳು.”

ಅಂದಿನಿಂದ ಹೊಳೆಮ್ಮನಿಗೆ ಸೀಟಿಯ ಭಯ ಹತ್ತಿತು. ಮದ್ದು ಸಿಡಿಯುವ ಮುಂಚೆ ಮೇಸ್ತ್ರಿ ಜಡೆಪ್ಪ ಸೀಟಿ ಊದುತ್ತಾನೆ, ಎಲ್ಲರೂ ದೊಡ್ಡ ಬಂಡೆಯ ಮರೆಗೆ ಓಡುತ್ತಾರೆ. ಚಪ್ಪರದಡಿ ಆಡುವ ಹುಲುಗಿಯ ಪಾಲಿಗೆ ಆ ಸೀಟಿಯೇ ಇಲ್ಲ. ಅವಳನ್ನು ಕಾಯುವ ಭರಮಮ್ಮನ ಕಣ್ಣು ಮಂಜು. ಸೀಟಿ ಕೂಗಿದರೆ ಸಾಕು, ಹೊಳೆಮ್ಮ ಬುಟ್ಟಿ ಬಿಟ್ಟು ಚಪ್ಪರದತ್ತ ಓಡುತ್ತಿದ್ದಳು.

ಇವತ್ತು ಸೋಮವಾರ. ಇನ್ನು ಧಣಿಯನ್ನು ರಜೆ ಕೇಳದಿದ್ದರೆ ಆಗದು ಎಂದು ಮಗುವನ್ನು ಚಪ್ಪರಕ್ಕೆ ಬಿಟ್ಟು ಅವಳು ಜೀಪಿನ ಹತ್ತಿರ ಬಂದಳು.

“ಧಣೀ, ನಾಳಿ ಒಂದಿನ ಬಿಡ್ರಿ. ಕೂಸಿನ ಕಿವಿ ಬಳ್ಳಾರ್ಯಾಗ ತೋರ್ಸಿ ಬರ್ತೀನಿ.”

“ಮೂಗಿ ಐತೇನ್ಲೇ ಅದು?” ಧಣಿ ಹಲ್ಲು ಕಿರಿದ. “ಚೊಲೋ ಆತು ಬಿಡು. ದೊಡ್ಡಾಕಿ ಆದಮ್ಯಾಲ ಎದುರು ಮಾತಾಡಲ್ಲ. ನನಗ ಇಂಥಾ ಆಳೇ ಬೇಕು.”

ಜಡೆಪ್ಪನೂ ನಕ್ಕ. ನಗದಿದ್ದರೆ ಸೀಟಿ ಇನ್ನೊಬ್ಬನ ಕೊರಳಿಗೆ ಹೋಗುತ್ತಿತ್ತು.

“ಕಾಲು ಹಿಡೀತೀನ್ರೀ...”

“ಹೋದ್ರ ಹಂಗ ಹೋಗು, ತಿರುಗಿ ಬರಬ್ಯಾಡ. ಗುಡಿಸಲದಾಗಿನ ನಿನ್ನ ಗಡಿಗಿ ಹೊರಗ ಒಗಸ್ತೀನಿ. ಜಡೆಪ್ಪಾ, ಏನ್ ನೋಡ್ತೀಯಲೇ? ಬತ್ತಿ ಹಚ್ಚಸು, ಜಲ್ದಿ!”

ಸೀಟಿ ಕೂಗಿತು. ಗುಡ್ಡದ ಮೇಲೆ ಯಾರಿದ್ದಾರೆ, ಯಾರಿಲ್ಲ ಎಂದು ನೋಡುವವರಿರಲಿಲ್ಲ. ಹೊಳೆಮ್ಮ ಚಪ್ಪರದತ್ತ ಓಡಿದಳು. ಭರಮಮ್ಮ ನೆಲ ತಡವುತ್ತಿದ್ದಳು.

“ಈಗಿನ್ನಾ ಇಲ್ಲೇ ಇತ್ತಲ್ಲಬೇ... ಯವ್ವಾ, ಕೂಸೆಲ್ಲಿ ಹೋತು?”

ಹುಲುಗಿ ಮೇಲಿತ್ತು. ಮದ್ದು ತುಂಬಿದ ತೂತುಗಳ ಹತ್ತಿರ, ಇವರಿಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು ಕೆಂಪು ಕಲ್ಲು ಆರಿಸುತ್ತಿತ್ತು. ಬತ್ತಿಯ ಹೊಗೆ ಎದ್ದಿತ್ತು. ಹೆಂಗಸರೆಲ್ಲ ಗಂಟಲು ಹರಿಯುವಂತೆ ಕೂಗಿದರು. ಮಗು ಒಂದು ಕಲ್ಲು ಬಿಸಾಡಿ ಇನ್ನೊಂದು ಎತ್ತಿಕೊಂಡಿತು.

“ಸಾಯ್ತೀಯಲೇ!” ಎಂದು ಜಡೆಪ್ಪ ಹೊಳೆಮ್ಮನ ರಟ್ಟೆ ಹಿಡಿದ. ಆಗ ಅವಳಿಗೆ ಡಾಕ್ಟರಮ್ಮ ಕೆಡವಿದ ಸ್ಟೂಲು ನೆನಪಾಯಿತು.

“ಒದರಬ್ಯಾಡ್ರೇ! ಕುಟ್ರಿ! ನೆಲ ಕುಟ್ರಿ!”

ಕೈ ಕೊಸರಿಕೊಂಡು ಓಡಿ, ಮಗು ಕೂತಿದ್ದ ಬಂಡೆಗೇ ಒಂದು ಗುಂಡುಕಲ್ಲು ಎತ್ತಿ ಅಪ್ಪಳಿಸಿದಳು. ಹಿಂದೆ ಬಂದ ಹೆಂಗಸರು ಸುತ್ತಿಗೆ, ಹಾರೆ, ಕಲ್ಲು, ಸಿಕ್ಕಿದ್ದರಲ್ಲಿ ಕುಟ್ಟಿದರು. ಹುಲುಗಿ ಅಂಗೈಯನ್ನು ಬಂಡೆಗೆ ಊರಿತು. ತಿರುಗಿತು. ಅವ್ವನ ಚಾಚಿದ ಕೈ ಕಂಡು ಪುಟುಪುಟು ಓಡಿಬಂತು. ಹೊಳೆಮ್ಮ ಅದನ್ನು ಬಾಚಿಕೊಂಡು ಮರೆಗೆ ಬೀಳುವುದಕ್ಕೂ ಗುಡ್ಡ ಸಿಡಿಯುವುದಕ್ಕೂ ಸರಿಹೋಯಿತು.

ದೂಳು ಇಳಿಯುವ ಮುಂಚೆಯೇ ಧಣಿಯ ದನಿ ಬಂತು. “ಸತ್ತಿಲ್ಲಲ್ಲ? ಏಳ್ರಲೇ ಮತ್ತ, ಲಾರಿ ನಿಂತೈತಿ!”

ಜಡೆಪ್ಪ ಸೀಟಿ ಊದಿದ. ಯಾರೂ ಏಳಲಿಲ್ಲ. ಇನ್ನೊಮ್ಮೆ ಊದಿದ. ಎದ್ದವಳು ಹೊಳೆಮ್ಮ ಒಬ್ಬಳೇ. ಮಗುವನ್ನು ಸೊಂಟಕ್ಕೇರಿಸಿ, ಬುಟ್ಟಿಯನ್ನು ಅಲ್ಲೇ ಬಿಟ್ಟು, ಜೀಪಿನ ಪಕ್ಕದಿಂದಲೇ ಬಂಡ್ರಿ ದಾರಿಗೆ ಇಳಿದಳು.

“ರಂಡೇ, ಗುಡಿಸಲಕ್ಕ ಬೆಂಕಿ ಇಡ್ತೀನಿ!”

ಇಡುತ್ತಾನೆ. ಅವಳಿಗೆ ಗೊತ್ತಿತ್ತು. ಒಲೆ, ಚಾಪೆ, ಗಡಿಗೆ ಕಣ್ಣ ಮುಂದೆ ಬಂದವು. ನಿಂತರೆ ಧೈರ್ಯ ಹೋದೀತೆಂದು ನಡೆದಳು.

ಹಿಂದಿನಿಂದ ಧಡ್ ಎಂದಿತು. ಭರಮಮ್ಮ ಕೂತಲ್ಲೇ ಕಲ್ಲೆತ್ತಿ ನೆಲಕ್ಕೆ ಕುಟ್ಟಿದ್ದಳು. ಮತ್ತೆ ಕುಟ್ಟಿದಳು. ಪಕ್ಕದವಳು ಕುಟ್ಟಿದಳು. ನೋಡುನೋಡುತ್ತ ಗುಡ್ಡದ ಹೆಂಗಸರೆಲ್ಲ ಕುಟ್ಟತೊಡಗಿದರು. ಖಾಲಿ ಲಾರಿಯ ಮುಂದೆ ಧಣಿ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಏನೂ ಕೇಳುತ್ತಿರಲಿಲ್ಲ.

ಸೊಂಟದ ಮೇಲಿದ್ದ ಹುಲುಗಿಗೂ ಏನೂ ಗೊತ್ತಾಗಿರಲಿಲ್ಲ. ಹೊಳೆಮ್ಮ ಅವಳನ್ನು ನೆಲಕ್ಕಿಳಿಸಿದಳು. ಬರಿಗಾಲು ಮಣ್ಣಿಗೆ ತಾಗಿದ್ದೇ ಮಗು ನಿಂತಿತು, ಗುಡ್ಡದ ಕಡೆ ತಿರುಗಿತು. ಅದರ ಮುಷ್ಟಿಯಲ್ಲಿ ಕೆಂಪು ಚೂರೊಂದು ಇನ್ನೂ ಉಳಿದಿತ್ತು.

ಹೊಳೆಮ್ಮ ಎದುರಿಗೆ ಮಂಡಿಯೂರಿ ಮುಖಕ್ಕೆ ಮುಖ ಕೊಟ್ಟಳು.

“ಕಲ್ಲು,” ಎಂದಳು.

ಹುಲುಗಿಯ ತುಟಿ ಅಲುಗಿತು. ದನಿ ಬರಲಿಲ್ಲ. ಬಳ್ಳಾರಿ ಬಸ್ಸಿನ ಹೊತ್ತಾಗಿತ್ತು, ಅವ್ವ ಮಗಳ ಕೈ ಹಿಡಿದು ನಡೆಸಿಕೊಂಡೇ ಹೋದಳು.