ಒಂದನೇ ಸಿಲಿಂಡರಿನ ಉಸಿರು

ಗುರುವಾರ ಸಂಜೆ ನನ್ನ ಹೆಂಡತಿ ಏವ್ರಿಲ್ ನಾಯಿಯನ್ನು ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಭಾನುವಾರ ಹಾರ್ಕೂಂಬ್ ಗುಡ್ಡದ ಓಟವಿತ್ತು. ನಮ್ಮ ಶ್ರಾಪ್‌ಶೈರ್ ಕಡೆ ಮೇ ತಿಂಗಳು ಬಂತೆಂದರೆ ಇದೇ ಸಂಭ್ರಮ. ಹಳೆಯ ಕಾರುಗಳು ಒಂದೊಂದಾಗಿ ಗುಡ್ಡದ ಕಡಿದಾದ ದಾರಿ ಹತ್ತಬೇಕು. ಕಡಿಮೆ ಹೊತ್ತಿನಲ್ಲಿ ತುದಿ ಮುಟ್ಟಿದವರು ಗೆದ್ದಂತೆ. ಏವ್ರಿಲ್ ಮತ್ತು ಅವಳ ತಂಗಿ ಗ್ಲೆನಿಸ್ ಎಷ್ಟೋ ವರ್ಷಗಳಿಂದ ಏವ್ರಿಲಳ ಹಸಿರು ಎಂಜಿ ಕಾರನ್ನೇ ಸರದಿಯ ಮೇಲೆ ಓಡಿಸುತ್ತ ಬಂದಿದ್ದರು. ಅಕ್ಕ ಯಾವಾಗಲೂ ಮುಂದೆ, ತಂಗಿ ಯಾವಾಗಲೂ ಹಿಂದೆ. ಕ್ರಿಸ್‌ಮಸ್ ಊಟಕ್ಕೆ ಕೂತಾಗಲೂ ಆ ಮಾತು ಎತ್ತದೆ ಏವ್ರಿಲಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಕೈ ಮುರಿದದ್ದು ಸಾಲದೆಂಬಂತೆ, ಬೀಳುವ ಮುಂಚೆ ಅವಳು ಎಂಜಿನ್ನಿನ ಡಿಸ್ಟ್ರಿಬ್ಯೂಟರನ್ನು ಬಿಚ್ಚಿಟ್ಟಿದ್ದಳು. ನಾಲ್ಕು ಸಿಲಿಂಡರುಗಳಿಗೆ ಸರದಿ ತಪ್ಪದಂತೆ ಕಿಡಿ ಹಂಚುವುದು ಅದರ ಕೆಲಸ. ಸವೆದದ್ದನ್ನು ಬದಲಿಸಿ, ಅದನ್ನು ತಿರುಗಿಸುವ ಗಿಡ್ಡ ಕಂಬಿಯನ್ನೂ ಎಂಜಿನ್ನಿನೊಳಗಿಂದ ಎತ್ತಿ ಒರೆಸಿ, ಎಲ್ಲವನ್ನೂ ಹಳೆಯ ಟವಲ್ಲಿನ ಮೇಲೆ ಹರಡಿದ್ದಳು. ಮತ್ತೆ ಕೂರಿಸಲು ಕೈಯೇ ಇರಲಿಲ್ಲ. ನಾನೋ ಬೇಕರಿಯವನು. ಒಲೆ ಬಿಟ್ಟರೆ ಬೇರೆ ಯಂತ್ರ ನನಗೆ ಒಲಿಯದು.

ಭಾನುವಾರ ಬೆಳಗಾಗುತ್ತಲೇ ಗ್ಲೆನಿಸ್ ಬಂದಳು. ಶಾಲೆಯಲ್ಲಿ ಫ್ರೆಂಚ್ ಕಲಿಸುವವಳು. ಕಾರು ಓಡಿಸುವುದು ಗೊತ್ತು, ಬಾನೆಟ್ ಎತ್ತಿ ಗೊತ್ತಿಲ್ಲ.

"ಈ ಸಲ ಬರಲ್ಲ ಅಂತ ಫೋನ್ ಮಾಡಿಬಿಡ್ಲಾ?" ಎಂದಳು.

"ಯಾಕೆ, ನಿನ್ ಕೈಯೂ ಮುರಿದಿದ್ಯಾ?" ಏವ್ರಿಲ್ ಪ್ಲಾಸ್ಟರ್ ಹಾಕಿದ ಕೈಯನ್ನೇ ಬೀಸಿದಳು. "ನಾನು ಹೇಳ್ತೀನಿ, ನೀನು ಮಾಡು. ತೋಳು ಮಡಿಸು."

ಎಂಜಿನ್ನಿನ ಮುಂದಿನ ಗಾಲಿಯ ಮೇಲೊಂದು ಸಣ್ಣ ಗುರುತಿದೆ. ಅದು ಪಕ್ಕದಲ್ಲಿ ಚಾಚಿದ ಲೋಹದ ಮೊನೆಗೆ ಸರಿಯಾಗಿ ಬಂದರೆ ಒಂದನೇ ಪಿಸ್ಟನ್ ತುದಿಗೆ ಬಂದಿದೆ ಎಂದರ್ಥ. ನಾನು ದೊಡ್ಡ ಸ್ಪ್ಯಾನರಿನಿಂದ ಎಂಜಿನ್ ತಿರುಗಿಸಿ ಗುರುತು ಕೂಡಿಸಿದೆ.

"ಈಗ ಒಂದನೇ ಪ್ಲಗ್ ಬಿಚ್ಚು. ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಂದ್ಸಲ ತಿರುಗಿಸಿ ನೋಡಿ," ಎಂದು ಹೇಳಿ ಏವ್ರಿಲ್ ನೋವಿನ ಮಾತ್ರೆ ತರಲು ಒಳಗೆ ಹೋದಳು.

"ಗುರುತು ಬಂದಿದೆಯಲ್ಲ, ಹೆಬ್ಬೆರಳು ಯಾಕಂತೆ? ಹೊತ್ತಾಗ್ತಿದೆ, ಹ್ಯೂಬರ್ಟ್," ಎಂದು ಗ್ಲೆನಿಸ್ ಕಂಬಿಯನ್ನು ಇಳಿಸಿ, ಡಿಸ್ಟ್ರಿಬ್ಯೂಟರ್ ಕೂರಿಸಿ, ವೈರುಗಳನ್ನು ಸಿಕ್ಕಿಸಿ, ಕೀ ತಿರುಗಿಸಿಯೇ ಬಿಟ್ಟಳು.

ಢಮಾರ್! ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಬಾಯಿಂದ ಗೇಣುದ್ದ ಬೆಂಕಿ ಚಿಮ್ಮಿತು. ನಾಯಿ ಬೇಲಿಯ ಕೆಳಗೆ ತೂರಿತು. ಪಕ್ಕದ ಮನೆಯ ಆರ್ಮರಾಡ್ ಮುದುಕ ಬೇಲಿಯ ಮೇಲೆ ತಲೆ ಎತ್ತಿ, "ಯಾರ ಮೇಲಮ್ಮಾ ಯುದ್ಧ?" ಎಂದ.

ಏವ್ರಿಲ್ ನೀರಿನ ಲೋಟದ ಸಮೇತ ಓಡಿಬಂದಳು. "ಹೆಬ್ಬೆರಳು ಇಟ್ಟಿದ್ಯಾ?"

ಗ್ಲೆನಿಸ್ ನನ್ನ ಮುಖ ನೋಡಿದಳು. ನಾನು ಸ್ಪ್ಯಾನರಿನ ಮುಖ ನೋಡಿದೆ.

"ಪಿಸ್ಟನ್ ಮೇಲಕ್ಕೆ ಬರೋದು ಎರಡು ಸಲ ಕಣೇ! ಒಂದ್ಸಲ ಪೆಟ್ರೋಲು ಗಾಳಿ ಒತ್ತೋಕೆ, ಇನ್ನೊಂದ್ಸಲ ಬರೀ ಹೊಗೆ ಹೊರಗೆ ಹಾಕೋಕೆ. ಗುರುತು ಎರಡು ಸಲಾನೂ ಅಲ್ಲೇ ಬರುತ್ತೆ. ನೀನು ಕಿಡಿ ಕೊಟ್ಟಿರೋದು ಹೊಗೆಗೆ. ಬಿಚ್ಚು!"

ಮತ್ತೆ ಎಲ್ಲ ಬಿಚ್ಚಿದೆವು. ಈ ಸಲ ಗ್ಲೆನಿಸ್ ಬಾನೆಟ್ಟಿನ ಕೆಳಗೆ ಅರ್ಧ ಮೈ ತೂರಿಸಿ ಹೆಬ್ಬೆರಳು ಒತ್ತಿದಳು. ನಾನು ಮೆಲ್ಲಗೆ ತಿರುಗಿಸಿದೆ. ಏನೂ ಇಲ್ಲ. ಇನ್ನಷ್ಟು ತಿರುಗಿಸಿದೆ. ಇದ್ದಕ್ಕಿದ್ದಂತೆ ಅವಳು ಚೀರಿದಳು.

"ತಳ್ತಿದೆ! ಏವ್ರಿಲ್, ಒಳಗಿಂದ ಊದ್ತಿದೆ! ಬೆರಳು ನಿಲ್ತಾ ಇಲ್ಲ!"

"ಅದೇ! ಅದೇ! ಗುರುತು ಬರೋವರೆಗೂ ಹೋಗು, ಹ್ಯೂಬರ್ಟ್. ಸಾಕು, ಸಾಕು, ದಾಟಿಸ್ಬೇಡ!"

ಪ್ಲಗ್ ಮತ್ತೆ ಬಿಗಿದದ್ದಾಯಿತು, ಕಂಬಿ ಒಳಗಿಳಿಯಿತು. ಡಿಸ್ಟ್ರಿಬ್ಯೂಟರ್ ಮೊದಲು ಹಟ ಮಾಡಿತು. ಗ್ಲೆನಿಸ್ ಕೂದಲೆಳೆಯಷ್ಟು ಅತ್ತಿತ್ತ ಅಲ್ಲಾಡಿಸಿದ ಮೇಲೆ ಟಕ್ಕೆಂದು ಕೂತಿತು. ಕಿಡಿ ಹಂಚುವ ಮುಳ್ಳು ಒಂದನೇ ವೈರಿನ ಜಾಗಕ್ಕೇ ಮುಖ ಮಾಡಿತ್ತು. "ಒಂದು, ಮೂರು, ನಾಲ್ಕು, ಎರಡು," ಎಂದು ಕಿಡಿಯ ಸರದಿಯನ್ನು ಅಕ್ಕತಂಗಿಯರು ಮಗ್ಗಿ ಒಪ್ಪಿಸುವವರಂತೆ ಒಟ್ಟಿಗೆ ಹೇಳುತ್ತ ವೈರು ಸಿಕ್ಕಿಸಿದರು.

ಕೀ ತಿರುಗಿಸಿದ್ದೇ ಎಂಜಿನ್ ಕೆಮ್ಮಿತು, ಗೊಣಗಿತು, ಹಿಡಿದುಕೊಂಡಿತು! ಗ್ಲೆನಿಸ್ ಅಂಗಳದಲ್ಲೇ ಕುಣಿದಳು. ಆದರೆ ಏವ್ರಿಲಳ ಕಿವಿ ಇನ್ನೂ ಒಪ್ಪಿರಲಿಲ್ಲ. ಎಡಗೈಯಿಂದ ಡಿಸ್ಟ್ರಿಬ್ಯೂಟರಿನ ಮೈಯನ್ನು ಎಳ್ಳಷ್ಟು ಆಚೆ, ಮತ್ತೆ ಈಚೆ ತಿರುಗಿಸುತ್ತ ಕಣ್ಣು ಮುಚ್ಚಿ ಆಲಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೂ ಕಾರು ಗುಡ್ಡ ಹತ್ತುತ್ತಿತ್ತು. ಅವಳು ಬಿಡಲಿಲ್ಲ. ಗೊಗ್ಗರು ದನಿ ತೆಳುವಾಗಿ, ಸಮನಾಗಿ, ಕೊನೆಗೆ ನನ್ನಂಥ ಬೇಕರಿಯವನ ಮೈಯಲ್ಲೂ ಜುಮ್ಮೆನ್ನುವಂತಾದಾಗ, "ಈಗ ಬಿಗಿ ಮಾಡು," ಎಂದಳು.

ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಸಾಲಿನಲ್ಲಿ ಉಳಿದದ್ದು ನಾವು ಮಾತ್ರ. ಗ್ಲೆನಿಸ್ ಹೆಲ್ಮೆಟ್ ಹಾಕಿಕೊಂಡಳು. ಮೂಗಿನ ಮೇಲೆ ಗ್ರೀಸು ಹಾಗೇ ಇತ್ತು.

"ಎರಡನೇ ತಿರುವಲ್ಲಿ ಹೆದರ್ಬೇಡ. ನೀನು ಪ್ರತಿಸಲ ಅಲ್ಲೇ ಆಕ್ಸಿಲರೇಟರಿಂದ ಕಾಲು ತೆಗೀತೀಯ," ಎಂದಳು ಏವ್ರಿಲ್.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಾನೇನು ದಡ್ಡೀನಾ?"

ಹಸಿರು ದೀಪ ಬಿತ್ತು. ಹಿಂದಿನ ಚಕ್ರ ಜಲ್ಲಿ ಎರಚಿ ಕಾರು ಚಿಮ್ಮಿತು. ಮೊದಲ ತಿರುವು ದಾಟಿದ್ದು ಕಂಡಿತು. ಆಮೇಲೆ ಮರಗಳ ಮರೆ, ಬರೀ ಸದ್ದು. ಏವ್ರಿಲ್ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಎರಡನೇ ತಿರುವು ಬಂತು. ಸದ್ದು ತಗ್ಗಲಿಲ್ಲ. "ಕಾಲು ತೆಗೀಲಿಲ್ಲ! ತೆಗೀಲಿಲ್ಲ ಕಣೋ!" ಎಂದು ಅವಳು ಕಿರುಚಿದಳು.

ಧ್ವನಿವರ್ಧಕದಲ್ಲಿ ಸಮಯ ಹೇಳಿದರು. ಏವ್ರಿಲಳ ಅತ್ಯುತ್ತಮ ಓಟಕ್ಕಿಂತ ಅರ್ಧ ಸೆಕೆಂಡು ಕಡಿಮೆ.

ಅವಳು ನನ್ನ ತೋಳು ಬಿಟ್ಟಳು. ಆಮೇಲೆ, "ಕಳ್ಳಿ! ನನ್ ಕಾರಲ್ಲಿ!" ಎಂದು ಕೂಗುತ್ತ, ಮುರಿದ ಕೈಯನ್ನು ಎದೆಗವಚಿಕೊಂಡು, ಇಳಿದು ಬರುತ್ತಿದ್ದ ಕಾರಿನ ಕಡೆ ಓಡಿದಳು. ನಾನು ಹೋಗಿ ಸೇರುವ ಹೊತ್ತಿಗೆ ಇಬ್ಬರೂ ತಬ್ಬಿಕೊಂಡು ನಗುತ್ತಿದ್ದರು, ಇಬ್ಬರ ಕೆನ್ನೆಯೂ ಒದ್ದೆಯಾಗಿತ್ತು.

"ಮುಂದಿನ ಸಲ ನನ್ ಕೈ ವಾಸಿಯಾಗಿರುತ್ತೆ, ನೆನಪಿಟ್ಕೋ," ಎಂದಳು ಅಕ್ಕ.

"ಮೊದ್ಲು ಒಂದು ಬೇಕನ್ ಬನ್ ಕೊಡ್ಸು, ಹೊಟ್ಟೆ ಚುರುಗುಟ್ತಿದೆ," ಎಂದಳು ತಂಗಿ.

ಆ ದಿನ ಬೆಳ್ಳಿ ಬಟ್ಟಲು ಗೆದ್ದವರು ಬೇರೆ ಯಾರೋ. ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.