ಪರೀಕ್ಷೆಯಲ್ಲ, ತಪಾಸಣೆ

ಮುಂದೆ ನಿಂತ ಮುದುಕನ ಕುತ್ತಿಗೆಗೆ ಅಂಟಿಸಿದ ನೋವಿನ ಪಟ್ಟಿಯ ಒಂದು ಮೂಲೆ ಎದ್ದಿದೆ, ಅದರ ಅಂಚಿಗೆ ಬೂದುಬಣ್ಣದ ಜಿಡ್ಡು, ಜಿಡ್ಡಿಗೆ ಮಫ್ಲರಿನ ನೂಲು ಮೆತ್ತಿಕೊಂಡಿದೆ, ಕರ್ಪೂರದಂಥ ಘಾಟು, ನೋಡಬಾರದು ಅಂದುಕೊಂಡಷ್ಟೂ ಇಕುಯೊಳ ಕಣ್ಣು ಅಲ್ಲಿಗೇ ಹೋಗುತ್ತದೆ — ಸಾಲಿನಲ್ಲಿ ಇನ್ನೂ ನಾಲ್ಕು ಜನ, ಅಂಚೆ ಕಚೇರಿಯ ಗಡಿಯಾರದಲ್ಲಿ ಹತ್ತೂವರೆ, ಹನ್ನೊಂದಕ್ಕೆ ಕಾರ್ಖಾನೆಯಲ್ಲಿರಬೇಕು, ಇವತ್ತಿನ ತಾರೀಖಿನ ಮೊಹರು ಬಿದ್ದರೆ ಮಾತ್ರ ಅರ್ಜಿ ಊರ್ಜಿತ, ನಾಳೆಯದು ಬಿದ್ದರೆ ಲಕೋಟೆ ಬಿಚ್ಚದೆ ವಾಪಸು, ಹಾಗಂತ ಕೈಪಿಡಿಯ ಮೂರನೇ ಪುಟದಲ್ಲಿ ದಪ್ಪಕ್ಷರದಲ್ಲಿದೆ. ಎದೆಗೆ ಒತ್ತಿಹಿಡಿದ ಲಕೋಟೆಯ ಮೇಲೆ ಕೆಂಪಿನಲ್ಲಿ ಪ್ರವೇಶ ಅರ್ಜಿ ಎಂದು ಅಚ್ಚಾಗಿದೆ. ಒಳಗೆ ಮೂರು ಕಾಗದ. ಒಂದು ಅರ್ಜಿ, ಒಂದು ಕ್ಲಾಸ್ ಟೀಚರ್ ಅಂಟಿಸಿ ಮುಚ್ಚಿ ಕೊಟ್ಟ ವರದಿ, ಇನ್ನೊಂದು ಮಗಳು ಕನೊ ತನ್ನ ಕೈಯಾರೆ ಬರೆದ 'ನಾನೇಕೆ ಈ ಶಾಲೆಗೆ ಸೇರಬೇಕು'. ಆ ಮೂರನೇ ಕಾಗದದಲ್ಲಿ ಅಜ್ಜಿ ಸತ್ತಿದ್ದಾಳೆ. ಮನೆಯಲ್ಲಿ ಅಜ್ಜಿ ಈಗ ಮೂಲಂಗಿ ತುರಿಯುತ್ತಿರಬೇಕು.

ತಪಾಸಣೆ, ಪರೀಕ್ಷೆ ಅನ್ನಬೇಡಿ ಕನೊ ಅವರಮ್ಮಾ, ಅಂದಿದ್ದ ಟ್ಯೂಷನ್ನಿನ ಕುಸಾಕಾಬೆ ಮೇಷ್ಟ್ರು, ಮೂವತ್ತೂ ತುಂಬದ ಹುಡುಗ, ಹಲ್ಲು ಮಾತ್ರ ಟೂತ್‌ಪೇಸ್ಟಿನ ಜಾಹೀರಾತಿನದು, ಸರ್ಕಾರಿ ಮಾಧ್ಯಮಿಕ ಶಾಲೆ ಪ್ರವೇಶ ಪರೀಕ್ಷೆ ಇಡೋ ಹಾಗಿಲ್ಲ, ನಿಯಮ ಒಪ್ಪಲ್ಲ, ಅದಕ್ಕೇ ಇದರ ಹೆಸರು ಯೋಗ್ಯತಾ ತಪಾಸಣೆ, ಓದಿ ಬರೆಯೋದಲ್ಲ ಇದು, ಮಗುವಿನ ಸಹಜ ಯೋಗ್ಯತೆ ನೋಡ್ತಾರೆ ಅಷ್ಟೇ. ಸಹಜ ಯೋಗ್ಯತೆಗೆ ಮೂರು ವರ್ಷ ಟ್ಯೂಷನ್ ಯಾಕೆ ಮೇಷ್ಟ್ರೇ ಎಂದು ಕೇಳಬೇಕಿತ್ತು, ಕೇಳಲಿಲ್ಲ, ಹಲ್ಲು ಕಿರಿದು ತಲೆಬಾಗಿಸಿ ಬಂದಳು, ಎಷ್ಟು ಸಲ ಬಾಗಿಸಿದ್ದಾಳೆ ಈ ತಲೆಯನ್ನು. ಇಕುಯೊಗೆ ತಪಾಸಣೆ ಅಂದರೇನೆಂದು ಇವರ್ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೊಂದು ವರ್ಷದಿಂದ ಅವಳು ಮೊಟ್ಟೆ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕತ್ತಲೆ ಕೋಣೆಯಲ್ಲಿ ನಿಲ್ಲುತ್ತಾಳೆ, ಕೆಳಗಿನಿಂದ ದೀಪ, ಮೇಲೆ ಉರುಳಿ ಬರುವ ಮೊಟ್ಟೆಗಳು, ಬಿರುಕು ಬಿಟ್ಟದ್ದು ಎಡಕ್ಕೆ, ರಕ್ತದ ಚುಕ್ಕೆಯಿದ್ದದ್ದು ಬಲಕ್ಕೆ, ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ತೊಟ್ಟಿಯಿಂದ ಏಳುವ ವಾಸನೆ ಮೂಗಿನ ಒಳಗೋಡೆಗೆ ಅಂಟಿ ಸ್ನಾನದ ನೀರಿನಲ್ಲೂ ಬಿಡುವುದಿಲ್ಲ. ಆದರೆ ಮೊಟ್ಟೆ ಪಾಪ, ಒಳ್ಳೆಯ ಸಾಲಿಗೆ ಸೇರಲು ತನ್ನ ಅಜ್ಜಿ ಸತ್ತಳೆಂದು ಬರೆದುಕೊಡುವುದಿಲ್ಲ. ಎಲ್ಲರಿಗೂ ತೆರೆದ ಬಾಗಿಲು, ಶಾಲೆಯ ಕೈಪಿಡಿಯ ಮೊದಲ ಪುಟ, ಬೆಟ್ಟದ ಮೇಲಿನ ಆ ಬಿಳಿ ಕಟ್ಟಡ, ವಿಜ್ಞಾನದ ವಿಶೇಷ ತರಗತಿ, ಮಾಳಿಗೆಯ ಮೇಲೆ ದೂರದರ್ಶಕದ ಗುಮ್ಮಟ — ಅದಕ್ಕೆ ಹಾಕಿದ್ದು ಎಲ್ಲರ ತೆರಿಗೆ, ಅವಳದೂ, ಅಜ್ಜಿಯದೂ, ಕೆಳಗಿನ ಊರ ಶಾಲೆಯ ಪ್ರಯೋಗಾಲಯದಲ್ಲಿ ನಲ್ಲಿ ಕೆಟ್ಟು ಎರಡು ವರ್ಷ, ಬಕೆಟ್ಟಿನಲ್ಲಿ ನೀರು ಹೊರುತ್ತಾರೆ ಮಕ್ಕಳು, ತೆರೆದ ಬಾಗಿಲಂತೆ, ಥೂ. ಕನೊ ನಿಜವಾಗಿಯೂ ಬುದ್ಧಿವಂತೆ, ಅದೇ ಸಂಕಟ, ಏಳನೇ ವಯಸ್ಸಿಗೇ ಚಂದ್ರ ದಿನಕ್ಕೆ ಎಷ್ಟು ತಡವಾಗಿ ಹುಟ್ಟುತ್ತಾನೆಂದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು, ಆ ಗುಮ್ಮಟವನ್ನು ಒಂದು ಸಲ ನೋಡಿ ಬಂದವಳು ವಾರವಿಡೀ ಊಟದ ಮಧ್ಯೆ ಚಾಪ್‌ಸ್ಟಿಕ್ ಬಾಯಲ್ಲಿಟ್ಟುಕೊಂಡು ಸುಮ್ಮನಾಗುತ್ತಿದ್ದಳು, ಅಂಥ ಮಗುವಿಗೆ ಬೇಡ ಅನ್ನುವ ಬಾಯಿ ಯಾವ ತಾಯಿಗಿದೆ.

ಕನೊ ಮೊದಲು ಬರೆದದ್ದರಲ್ಲಿ ಅಜ್ಜಿ ಬದುಕಿದ್ದಳು. ಇಪ್ಪತ್ತೇಳು ವರ್ಷ ಕೆಳಗಿನ ಊರ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡಿದವಳು ನಮ್ಮಜ್ಜಿ, ದೋಣಿಯ ಹುಟ್ಟಿನಂಥ ಸೌಟಿನಲ್ಲಿ ಸಾರು ತಿರುಗಿಸುತ್ತಿದ್ದಳು, ಐನೂರು ಜನಕ್ಕೆ ಉಪ್ಪು ನಾಲಗೆಗಿಡದೆ ವಾಸನೆಯಲ್ಲೇ ಹೇಳುತ್ತಿದ್ದಳು, ಅದು ಹೇಗೆ ಎಂದು ತಿಳಿಯುವುದಕ್ಕೆ ನನಗೆ ವಿಜ್ಞಾನ ಬೇಕು — ಹೀಗಿತ್ತು, ಇಕುಯೊ ಓದಿ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡಿದ್ದಳು. ಕುಸಾಕಾಬೆ ಮೇಷ್ಟ್ರು ಅದರ ಮೇಲೆ ಹಸಿರು ಶಾಯಿಯಲ್ಲಿ ಒಂದು ಗೆರೆ ಎಳೆದ, ಚೆನ್ನಾಗಿದೆ, ಆದ್ರೆ ಅಜ್ಜಿ ಇನ್ನೂ ಇದ್ದಾರಲ್ವಾ, ಅಲ್ಲೇ ತೊಂದ್ರೆ, ಇರೋರಿಂದ ಸಂಕಲ್ಪ ಹುಟ್ಟಲ್ಲ ನೋಡಿ, ಮೂರು ಪ್ಯಾರಾ ಇರ್ಬೇಕು, ನಷ್ಟ, ಅರಿವು, ಸಂಕಲ್ಪ. ಅಂದರೆ? ಎಂದಳು ಇಕುಯೊ. ಅಂದ್ರೆ ಏನಿಲ್ಲ, ಸ್ವಲ್ಪ ಹೊಂದಿಸ್ಕೋಬೇಕು, ಹೋದ ವರ್ಷದವರೆಗೆ ಸಾಕಿದ ನಾಯಿ ನಡೀತಿತ್ತು, ಈಗ ನಾಯಿಗೆ ಅಂಕ ಬೀಳ್ತಿಲ್ಲ. ಅವನ ತರಗತಿಯಲ್ಲಿ ಹನ್ನೊಂದು ಮಕ್ಕಳು, ಈ ಚಳಿಗಾಲ ಒಂಬತ್ತು ಅಜ್ಜಿಯರು ತೀರಿಹೋದರು, ಇಬ್ಬರು ಅಜ್ಜಂದಿರು, ಯಾವ ಸಾಂಕ್ರಾಮಿಕವೂ ಇಷ್ಟು ಶಿಸ್ತಿನಿಂದ ಬಂದದ್ದಿಲ್ಲ. ಕನೊ ಹೊಸದನ್ನು ಬರೆದು ತಂದಾಗ ಇಕುಯೊ ಓದಿದಳು, ಕೊನೆಯ ದಿನ ಅಜ್ಜಿ ನನ್ನ ಕೈ ಹಿಡಿದು, ಅಲ್ಲಿಗೆ ನಿಲ್ಲಿಸಿದಳು, ಮುಖ ತಿರುಗಿಸಿದಳು, ಏನೂ ಅನ್ನಲಿಲ್ಲ. ಅನ್ನಲಿಲ್ಲ. ಆಮೇಲೆ ಅದರ ಕೆಳಗೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರ ಚೌಕ ಮೊಹರು ಬಿತ್ತು, ಬದಲಿ ಹಾಳೆ ಕೊಡಲಾಗುವುದಿಲ್ಲ, ಇದೂ ಮೂರನೇ ಪುಟದಲ್ಲೇ ಇದೆ.

ಸಾಲು ಒಂದು ಹೆಜ್ಜೆ ಸರಿಯಿತು. ಯಾರೋ ಹೆಂಗಸು ತಡವಾದ ಹೊಸವರ್ಷದ ಕಾರ್ಡುಗಳ ಕಟ್ಟು ಹಿಡಿದು ಗೊಣಗುತ್ತಿದ್ದಾಳೆ, ಕಾರ್ಡು, ಹೌದು, ಎಲ್ಲ ಹೊಲಸೂ ಹೊರಗೆ ಬಂದದ್ದು ಒಂದು ಕಾರ್ಡಿನಿಂದ. ಕನೊಳ ಕ್ಲಾಸ್ ಟೀಚರ್ ಓಗುರೊ ಪ್ರತಿ ಮಗುವಿಗೂ ಕೈಬರಹದ ಹೊಸವರ್ಷದ ಕಾರ್ಡು ಹಾಕುವವಳು, ಗೆಳತಿಯರಿಗೆಲ್ಲ ಬಂತು, ಕನೊಗೆ ಬರಲಿಲ್ಲ, ಸಾವಾದ ಮನೆಗೆ ಶುಭಾಶಯ ಕಳಿಸುವುದಿಲ್ಲವಲ್ಲ — ಅರ್ಜಿಯ ಜೊತೆಗಿನ ಬರಹ ಓದಿ ವರದಿ ಬರೆಯಬೇಕಾದವಳು ಅವಳೇ, ಓದಿದಳು, ನಂಬಿದಳು. ಹಬ್ಬದ ದಿನಗಳು ಕಳೆದ ಮೇಲೆ ಅವಳಿಂದ ಬಂತು, ಬಣ್ಣವಿಲ್ಲದ ಕಾರ್ಡು, ಮೂಲೆಯಲ್ಲಿ ಒಂದು ತೆಳು ಹೂವು, ಅಂಚೆಪೆಟ್ಟಿಗೆಯಿಂದ ತೆಗೆದವಳು ಅಜ್ಜಿ. ಕಾಲು ಬೆಚ್ಚಗಿಡುವ ಮೇಜಿನ ಕಂಬಳಿಯೊಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು, ಅಜ್ಜಿಯವರ ಅಗಲಿಕೆಯ ವಿಷಯ ತಡವಾಗಿ ತಿಳಿದು, ಚಳಿಯ ಈ ದಿನಗಳಲ್ಲಿ ನಿಮ್ಮೆಲ್ಲರಿಗೂ, ಅಂದರೆ, ಇಕುಯೊ, ಬಾ ಇಲ್ಲಿ, ನಾನು ಸತ್ತುಹೋಗಿದೀನಂತೆ ನೋಡೇ, ನನಗೇ ಯಾರೂ ಹೇಳ್ಲಿಲ್ಲವಲ್ಲ! ನಕ್ಕಳು, ಕಿತ್ತಳೆ ತೊಳೆ ಗಂಟಲಿಗೆ ಸಿಕ್ಕಿ ಕೆಮ್ಮಿದಳು. ಕನೊ ನಗಲಿಲ್ಲ. ಕಿವಿಯ ತನಕ ಕೆಂಪಾಗಿ, ಎಲ್ಲರೂ ಹಂಗೇ ಬರೀತಾರೆ! ಅಂತ ಕಿರುಚಿದಳು, ಮೇಷ್ಟ್ರೇ ಹೇಳಿದ್ದು, ಅಮ್ಮನೂ ಓದಿದ್ಲು, ಅಮ್ಮ ಬೇಡ ಅನ್ಲಿಲ್ಲ! ಅಜ್ಜಿಯ ನಗು ನಿಂತು, ಕಣ್ಣು ಇಕುಯೊಳ ಕಡೆ ತಿರುಗಿ, ಮತ್ತೆ ಕಿತ್ತಳೆಯ ಕಡೆ ಹೋಯಿತು, ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿದಳು, ಹೋಗ್ಲಿ ಬಿಡೇ, ಮಗು ಪಾಸಾಗೋವರೆಗೆ ಸತ್ತಿರ್ತೀನಿ, ಮಾರ್ಚಿಗೆ ಎದ್ದು ಬರ್ತೀನಿ.

ಅಷ್ಟಕ್ಕೇ ಮುಗಿದಿದ್ದರೆ. ಭಾನುವಾರ ಮಧ್ಯಾಹ್ನ ಬಾಗಿಲ ಗಂಟೆ, ಅದರ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಓಗುರೊ ಟೀಚರ್, ಕಪ್ಪು ಕೋಟು, ಕೈಯಲ್ಲಿ ಊದುಬತ್ತಿಯ ಪೊಟ್ಟಣ, ಸಿಹಿಯ ಡಬ್ಬ, ದಾರಿಯಲ್ಲಿ ಹೋಗ್ತಿದ್ದೆ, ಅಜ್ಜಿಗೆ ಒಂದು ಊದುಬತ್ತಿ ಹಚ್ಚಿ ಹೋಗ್ತೀನಿ ಅಂತ. ಮೂರು ಜನ ಮೂರು ಕಲ್ಲು. ಮೊದಲು ಕದಲಿದವಳು ಅಜ್ಜಿಯೇ, ಯಾರೂ ತಳ್ಳಲಿಲ್ಲ, ಅದನ್ನು ತಾನು ಎಲ್ಲಿ ಬೇಕಾದರೂ ಆಣೆಯಿಟ್ಟು ಹೇಳುತ್ತೇನೆ ಎಂದು ಇಕುಯೊ ಮೂರು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ, ಯಾರೂ ತಳ್ಳಲಿಲ್ಲ, ಥೂ, ಎಂಥ ಸಮಾಧಾನ. ಹಾಸಿಗೆ ಒಟ್ಟುವ ಗೂಡಿನ ಬಾಗಿಲು ಸರಿಸಿ ಕೆಳಗಿನ ಅಂಕಣದಲ್ಲಿ ಮಂಡಿಯೂರಿ ನುಸುಳುತ್ತ ಅಜ್ಜಿ ಪಿಸುಗುಟ್ಟಿದಳು, ನನ್ನ ಲೋಟ ತೆಗಿ, ಸಿಪ್ಪೆ ತೆಗಿ, ಬಾಗಿಲಲ್ಲಿ ನನ್ನ ಚಪ್ಪಲಿ ಇದೆ ನೋಡು ದಡ್ಡೀ. ಎಪ್ಪತ್ತಾರರ ಹೆಂಗಸು, ಎರಡೂ ಮಂಡಿ ಸವೆದವಳು, ಹಾಸಿಗೆಗಳ ನಡುವೆ ಮಡಿಸಿಕೊಂಡು ಕೂತಳು, ಮತ್ತು ಒಳಗಿನಿಂದ ನಾಲ್ಕು ಬೆರಳು ಬಂದು ಬಾಗಿಲ ಅಂಚು ಹಿಡಿದು ಎಳೆದುಕೊಂಡವು. ಬಿಸಿನೀರಿನಲ್ಲಿ ಇಪ್ಪತ್ತೇಳು ವರ್ಷ ಬೆಂದ ಬೆರಳು, ಉಗುರು ಹಳದಿ. ಟೀಚರ್ ಮನೆಯ ಸತ್ತವರಿಗೆ ಎಡೆಯಿಡುವ ಬುದ್ಧನ ಗೂಡಿನ ಮುಂದೆ ಕೂತಳು, ಅಲ್ಲಿರುವುದು ಅಜ್ಜನ ಫೋಟೋ ಒಂದೇ, ಅಜ್ಜಿದು? ಕಟ್ಟು ಹಾಕಿಸೋಕೆ ಕೊಟ್ಟಿದೀವಿ, ಅಂದದ್ದು ಯಾರು, ಇಕುಯೊಳೇ, ಅವಳ ಬಾಯೇ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ನಯವಾಗಿ. ಟೀಚರ್ ತಟ್ಟಿದ ಪೂಜೆಯ ಗಂಟೆ ಟಿಣ್ ಎಂದಿತು. ಅಜ್ಜಿ ಮಾಡ್ತಿದ್ದ ಯಾವ ಅಡುಗೆ ನಿನಗೆ ಇಷ್ಟ ಆಗ್ತಿತ್ತು ಕನೊ, ಎಂದು ಟೀಚರ್ ಕೇಳಿದರೆ ಹುಡುಗಿ ಬೆನ್ನು ನೆಟ್ಟಗೆ ಮಾಡಿ, ನಷ್ಟ, ಅರಿವು, ಸಂಕಲ್ಪ, ಮೂರೂ ಪ್ಯಾರಾ ತಪ್ಪದೆ ಒಪ್ಪಿಸಿದಳು, ಎರಡನೇ ಪ್ಯಾರಾದಲ್ಲಿ ಕಣ್ಣೀರು ಕೂಡ ಬಂತು, ಬರಬೇಕಾದ ಜಾಗದಲ್ಲೇ ಬಂತು, ಆ ನೀರನ್ನು ಕಂಡು ತಾಯಿಯ ಮೈಮೇಲೆ ಹಲ್ಲಿ ಹರಿದಂತಾಯಿತು. ಟೀಚರ್ ಅತ್ತದ್ದು ಮಾತ್ರ ನಿಜವಾದ ಅಳು. ನನ್ನ ಅಜ್ಜಿನೂ ಹೋದ ಮಾರ್ಚಿನಲ್ಲಿ ಹೋದ್ರು ಕಣಮ್ಮಾ, ಅದಕ್ಕೇ ನಿನ್ನ ವರದೀಲಿ ಇದನ್ನ ಬರೆದಿದೀನಿ, ಅಂಥ ದುಃಖದಲ್ಲೂ ಓದು ಬಿಡಲಿಲ್ಲ ನಮ್ಮ ಹುಡುಗಿ ಅಂತ. ಬಾಗಿಲ ಸಂದಿಯಲ್ಲಿ ನಾಲ್ಕು ಬೆರಳು ಹಾಗೇ ಹಿಡಿದಿದ್ದವು, ತುದಿ ಬಿಳುಪೇರಿತ್ತು, ಕೆಮ್ಮು ತಡೆಯುತ್ತಿದ್ದಳೋ ಏನೋ.

ಟೀಚರ್ ಹೋದ ಮೇಲೆ ತಲೆತುಂಬ ಹತ್ತಿಯ ನಾರು ಮೆತ್ತಿಕೊಂಡು ಹೊರಬಂದ ಅಜ್ಜಿ ಬುದ್ಧನ ಗೂಡಿನ ಮುಂದಿದ್ದ ಸಿಹಿಯ ಡಬ್ಬವನ್ನೇ ಬಿಚ್ಚಿದಳು, ತನಗಿಟ್ಟ ಎಡೆ ತಾನೇ ತಿನ್ನೋ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ, ಬನ್ನಿ ತಗೊಳ್ಳಿ. ಕನೊ ಒಂದು ತೆಗೆದುಕೊಂಡು ತಿಂದಳು. ಹಸಿದಿದ್ದಳು, ಮಗು ತಾನೇ, ತಿಂದಳು, ತುಟಿಗೆ ಮೆತ್ತಿದ ಹಿಟ್ಟನ್ನು ನಾಲಗೆಯಿಂದ ಸವರಿಕೊಂಡಳು, ಇಕುಯೊಗೆ ಅಸಹ್ಯವಾದದ್ದು ಮಗಳ ಮೇಲೋ, ಸಿಹಿಯ ಮೇಲೋ, ಬೆಟ್ಟದ ಮೇಲೆ ಕೂತು ಹನ್ನೆರಡು ವರ್ಷದ ಕೂಸುಗಳಿಂದ ಸಾವು ಬೇಡುವ ಆ ಬಿಳಿ ಕಟ್ಟಡದ ಮೇಲೋ, ಫೋಟೋಗೆ ಕಟ್ಟು ಹಾಕಿಸಲು ಕೊಟ್ಟ ತನ್ನ ಬಾಯಿಯ ಮೇಲೋ, ಎಲ್ಲದರ ನೀರೂ ಒಂದೇ ತೊಟ್ಟಿಯಲ್ಲಿ ಸೇರಿ ನಾರುತ್ತಿದೆ. ಹರಿದುಹಾಕು. ಈಗಲೇ, ಸಾಲಿನಿಂದ ಆಚೆ ಹೋಗಿ, ಕಸದ ಬುಟ್ಟಿ ಅಲ್ಲೇ ಇದೆ. ಹರಿದರೆ ಕನೊ ಕೆಳಗಿನ ಶಾಲೆಯಲ್ಲಿ ಬಕೆಟ್ಟು ಹೊರುತ್ತಾಳೆ, ಜೀವಮಾನವಿಡೀ ಅಮ್ಮನ ಮುಖ ನೋಡುವುದಿಲ್ಲ, ಮಿಕ್ಕ ಹತ್ತು ಅಜ್ಜ ಅಜ್ಜಿಯರು ನೆಮ್ಮದಿಯಾಗಿ ಸತ್ತಿದ್ದು ಮೊಮ್ಮಕ್ಕಳನ್ನು ಬೆಟ್ಟ ಹತ್ತಿಸುತ್ತಾರೆ. ಹರಿಯದಿದ್ದರೆ — ಇವತ್ತು ಬೆಳಿಗ್ಗೆ ಲಕೋಟೆ ಹಿಡಿದು ಹೊರಟವಳು ಮಫ್ಲರ್ ಮರೆತೆನೆಂದು ಮೆಟ್ಟಿಲಿನಿಂದ ವಾಪಸು ಬಂದಳು, ಬೀಗದ ಕೈ ಚೀಲದ ತಳದಲ್ಲಿತ್ತು, ಗಂಟೆ ಒತ್ತಿದಳು, ಯಾರೂ ತೆರೆಯಲಿಲ್ಲ, ಹುಡುಕಿ ಬೀಗ ತೆಗೆದು ಒಳಗೆ ಹೋದರೆ ತುರಿಯುವ ಹಲಗೆಯ ಮೇಲೆ ಅರ್ಧ ಮೂಲಂಗಿ, ಒಲೆ ಆರಿಸಿದೆ, ಬಾಗಿಲ ಬಳಿ ಅಜ್ಜಿಯ ಚಪ್ಪಲಿ ಇಲ್ಲ, ಅಮ್ಮಾ? ಎಂದಳು, ಕನೊ ಹುಟ್ಟಿದಾಗಿನಿಂದ ಅವಳೂ ಅಜ್ಜಿ ಎಂದೇ ಕರೆಯುತ್ತಿದ್ದವಳು, ಅಮ್ಮಾ, ನಾನೇ ಕಣೇ — ಹಾಸಿಗೆ ಗೂಡಿನ ಬಾಗಿಲು ಆಗಷ್ಟೇ ಮುಚ್ಚಿಕೊಳ್ಳುತ್ತಿತ್ತು.

ಮುಂದಿನವರು ಬನ್ನಿ. ನೋವಿನ ಪಟ್ಟಿಯ ಮುದುಕ ಸರಿದು ಹೋಗಿದ್ದಾನೆ. ಓ, ಬೆಟ್ಟದ ಶಾಲೆಗಾ, ಗುಮಾಸ್ತೆ ಕೆಂಪು ಅಕ್ಷರ ನೋಡಿ ಹಲ್ಲು ಬಿಟ್ಟಳು, ಬೆಳಿಗ್ಗೆಯಿಂದ ಇದು ಏಳನೇದು ನೋಡಿ, ನಮ್ಮ ಅಕ್ಕನ ಮಗಳೂ ಹೋದ ವರ್ಷ ಬರೆದಿದ್ಲು, ಪರೀಕ್ಷೆ ಬಲೇ ಕಷ್ಟ ಅಂತೆ. ಪರೀಕ್ಷೆ ಅಲ್ಲ, ತಪಾಸಣೆ, ಎಂದಿತು ಇಕುಯೊಳ ಬಾಯಿ, ಅದೇ ಬಾಯಿ. ಹೌದಾ, ಏನೋ ಒಂದು, ರಿಜಿಸ್ಟರ್ ತಾನೇ, ಕೊಡಿ, ಅಮ್ಮಾ, ಸ್ವಲ್ಪ ಕೈ ಬಿಟ್ಟರೆ ತೂಕ ಹಾಕ್ತೀನಿ, ಕೈ ಬಿಡಿ. ಬಿಟ್ಟಳು. ಮೊಹರು ಬಿತ್ತು, ಇವತ್ತಿನದೇ, ಚೀಟಿ ಈಚೆ ಬಂತು, ಒಳ್ಳೇದಾಗ್ಲಿ ಮಗೂಗೆ, ಹನ್ನೊಂದಕ್ಕೆ ಹತ್ತು ನಿಮಿಷ, ಓಡಿದರೆ ಬಸ್ಸು ಸಿಗುತ್ತದೆ, ಸಂಜೆ ಮನೆಗೆ ಹೋಗುವಾಗ ಗಂಟೆ ಒತ್ತಬಾರದು, ಬೀಗದ ಕೈಯನ್ನು ಮೊದಲೇ ಕೈಯಲ್ಲಿ ಹಿಡಿದಿರಬೇಕು, ಸದ್ದು ಮಾಡುತ್ತ, ನಾನೇ ನಾನೇ ಅನ್ನುತ್ತ, ಮಾರ್ಚಿಗೆ ಎದ್ದು ಬರ್ತೀನಿ ಅಂದಿದ್ದಾಳೆ, ಮಾರ್ಚಿಗೆ, ಆದರೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ದನಿ ಕೇಳಿದ ಮೇಲೂ ನಿಲ್ಲದೆ, ಅವಸರವಿಲ್ಲದೆ, ಕೊನೆಯ ಒಂದು ಬೆರಳಗಲದ ಸಂದಿಯನ್ನೂ ಒಳಗಿನಿಂದ ಎಳೆದುಕೊಂಡ ಆ ಹಳದಿ ಉಗುರಿನ ನಾಲ್ಕು ಬೆರಳು, ನಾಲ್ಕು ಬೆರಳು