ಹದಿನೇಳನೇ ನಂಬರಿನ ಬೆಸುಗೆ

ಯಾವ ಹಳೆಯ ಕಂಪ್ಯೂಟರು ಸಂಗ್ರಹಕ್ಕೆ, ಯಾವುದು ಗುಜರಿಗೆ ಎಂದು ತೀರ್ಮಾನಿಸುವುದು ನನ್ನ ಕೆಲಸ. ಮ್ಯೂಸಿಯಮ್ಮಿನಲ್ಲಿ ನನಗೆ ಎದುರಾಡುವವರಿಲ್ಲ. ಎದುರಾಡುವವನು ನನ್ನ ಅಣ್ಣನೊಬ್ಬನೇ.

ಮನೆ ಬದಲಿಸುವುದಿದ್ದರಿಂದ ಅವನು ಕೂಡಿಹಾಕಿದ್ದ ನಲವತ್ತು ಹಳೆಯ ಕಂಪ್ಯೂಟರುಗಳಲ್ಲಿ ಮೂರು ಮ್ಯೂಸಿಯಮ್ಮಿಗೆ, ಉಳಿದವು ಮಧ್ಯಾಹ್ನದ ಗುಜರಿ ಗಾಡಿಗೆ ಎಂದು ಮಾತಾಗಿತ್ತು. ಎರಡನ್ನು ಹತ್ತೇ ನಿಮಿಷದಲ್ಲಿ ಆರಿಸಿದೆ. ಮೂರನೆಯದೆಂದು ಅಣ್ಣ, ಪೆಟ್ಟಿಗೆಯನ್ನೇ ಬಿಚ್ಚದ ಒಂದನ್ನು ಎಳೆಮಗುವಿನಂತೆ ಎತ್ತಿಕೊಂಡು ಬಂದ.

ಅತ್ತಿಗೆ ಮೂಲೆಯಲ್ಲಿ ನಿಂತಿದ್ದರು. ಅವರ ಕೈ ಒಂದು ಬೂದು ಯಂತ್ರದ ಮೇಲಿತ್ತು. ಇಡೀ ಕೋಣೆಯಲ್ಲಿ ಧೂಳಿಲ್ಲದ್ದು ಅದೊಂದೇ.

“ಇದನ್ನೂ ಒಂದ್ಸಲ ನೋಡ್ತೀಯಾ?”

“ಅಯ್ಯೋ, ಅದು ಕಂಡಕಂಡ ಆಫೀಸಲ್ಲೆಲ್ಲ ಇದ್ದ ಡಬ್ಬ. ನಿಂಗೇನು ಗೊತ್ತು, ಸುಮ್ನಿರು,” ಎಂದ ಅಣ್ಣ.

ನನಗೆ ಕೋಪ ಮೂಗಿನ ತುದಿಯಲ್ಲೇ. ಬೇಕೆಂದೇ ಅದರ ಮುಚ್ಚಳ ಬಿಚ್ಚಿದೆ. ಒಳಗಿನ ಬೋರ್ಡಿನ ಅಂಚಿನಲ್ಲಿ, ಜೋಡಿಸಿದವರ ನಂಬರು ಶಾಯಿಯಲ್ಲಿತ್ತು: ಹದಿನೇಳು.

“ಅದು ನಾನೇ,” ಎಂದರು ಅತ್ತಿಗೆ. “ಮದುವೆಗೆ ಮುಂಚೆ ಕಾರ್ಖಾನೇಲಿ ನಾಲ್ಕು ವರ್ಷ ಇವಕ್ಕೆ ಬೆಸುಗೆ ಹಾಕ್ತಿದ್ದೆ. ಆ ತುದೀಲಿ ಒಂದು ಬೆಸುಗೆ ದಪ್ಪ ಆಗಿದೆ ನೋಡು. ಊಟದ ಗಂಟೆ ಹೊಡೆದಿತ್ತು, ಅವಸರ. ಇವರು ತಂದು ಬಿಚ್ಚಿದ ದಿನಾನೇ ಗುರುತು ಹಿಡಿದೆ.”

ನೋಡಿದೆ. ದಪ್ಪಗೇ ಇತ್ತು.

“ಇಷ್ಟು ವರ್ಷ ಹೇಳ್ಬಾರ್ದಿತ್ತಾ?” ಎಂದ ಅಣ್ಣ.

“ನೀವು ಕೇಳ್ಬಾರ್ದಿತ್ತಾ?”

ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಇದೇ ಕೋಣೆಯಲ್ಲಿ ಅವರು ತಂದಿಟ್ಟ ಚಹಾ ಕುಡಿಯುತ್ತಾ ಯಂತ್ರಗಳ ಬಗ್ಗೆ ಕೊರೆದಿದ್ದೆ, ನಾನೂ ಕೇಳಿರಲಿಲ್ಲ.

ತಂತಿಗಳನ್ನೆಲ್ಲ ಪರೀಕ್ಷಿಸಿ ಸ್ವಿಚ್ ಒತ್ತಿದೆ. ಯಂತ್ರ ಒಂದು ಸಲ ಕೀಂ ಎಂದಿತು, ಪರದೆ ಬೆಳಗಿತು.

“ಮೂರನೇದು ಇದೇ,” ಎಂದೆ.

“ಲಕ್ಷಗಟ್ಟಲೆ ಮಾಡಿರೋ ಮಾಲು! ಅದರಲ್ಲೇನಿದೆ ವಿಶೇಷ?”

“ನಿನ್ನ ನಲವತ್ತರಲ್ಲಿ ಯಾರ ಕೈ ಕೆಲಸ ಅಂತ ಗೊತ್ತಿರೋದು ಇದೊಂದೇ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಿನ್ನನ್ನ ನೋಡೇ ಮಾಡಿರ್ಬೇಕು.”

ಚೀಟಿ ಬರೆಯಲು ಕೂತೆ. ‘ಮಾಲೀಕರು’ ಎಂದಿದ್ದುದನ್ನು ಹೊಡೆದುಹಾಕಿ ‘ತಯಾರಿಸಿದವರು’ ಎಂದು ಬರೆದೆ.

“ಹದಿನೇಳು ಅಂತ ಹಾಕು ಸಾಕು,” ಎಂದರು ಅತ್ತಿಗೆ. “ಅಲ್ಲಿ ಎಲ್ಲರೂ ಹಾಗೇ ಕರೀತಿದ್ರು.”

“ಅದಕ್ಕೇ ಹಾಕಲ್ಲ,” ಎಂದು ಅವರ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಅತ್ತಿಗೆ ಅದನ್ನು ಎರಡು ಸಲ ಓದಿದರು.

ಯಂತ್ರವನ್ನು ಮ್ಯೂಸಿಯಮ್ಮಿನ ವ್ಯಾನಿನವರೆಗೆ ಅಣ್ಣನೇ ಹೊತ್ತ. ಅರ್ಧ ದಾರಿಯಲ್ಲಿ ನಿಂತು, ಹಿಂದೆ ಬರುತ್ತಿದ್ದ ಅತ್ತಿಗೆಯತ್ತ ತಿರುಗಿದ.

“ಅಲ್ವೇ, ದಿನಕ್ಕೆ ಇಂಥವು ಎಷ್ಟು ಮಾಡ್ತಿದ್ದೆ?”